ಒಂದು ಜಿಲ್ಲೆ, ಇಬ್ಬರು ಎಸ್ಪಿ

ಕೋಲಾರ ಜಿಲ್ಲೆಗೆ ಜಿಲ್ಲಾಧಿಕಾರಿ ಒಬ್ಬರೇ; ಪೊಲೀಸ್ ವರಿಷ್ಠಾಧಿಕಾರಿಗಳು (ಎಸ್ಪಿ) ಮಾತ್ರ ಇಬ್ಬರು. ಒಬ್ಬರು ಕೋಲಾರದಲ್ಲಿ, ಇನ್ನೊಬ್ಬರು ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಬೇತಮಂಗಲ, ಬಂಗಾರಪೇಟೆ ಠಾಣೆಗಳು ಎರಡನೆಯವರ ಸರಹದ್ದಿಗೆ ಸೇರುತ್ತವೆ. ಪೊಲೀಸರಿಗೆ ಕೆಜಿಎಫ್ ಪ್ರತ್ಯೇಕ ಜಿಲ್ಲೆ; ಕಂದಾಯ ಇಲಾಖೆಯ ನಕ್ಷೆಯಲ್ಲಿ ಇಂಥದೊಂದು ಜಿಲ್ಲೆಯೇ ಇಲ್ಲ. ಆದರೆ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅದು ದೂರದಿಂದ ಸಂಭಾಳಿಸುವ ಊರಾಗಿರಲಿಲ್ಲ. ಸಾವಿರಾರು ಕಾರ್ಮಿಕರ ಲೈನುಮನೆಗಳು, ಅದಿರು ಕಳ್ಳತನದ ಭಯ, 1930ರಲ್ಲಿ ಕಾರ್ಮಿಕರ ಬೆರಳಚ್ಚು ಕಡ್ಡಾಯ ಮಾಡಿದ್ದನ್ನು ವಿರೋಧಿಸಿ ನಡೆದ ದೊಡ್ಡ ಮುಷ್ಕರ, ಇವೆಲ್ಲ ಅಲ್ಲಿನ ಪೊಲೀಸರ ಕೆಲಸದ ಸ್ವರೂಪವನ್ನೇ ಬೇರೆ ಮಾಡಿದ್ದವು. ಪೊಲೀಸ್ ಗಡಿಗಳನ್ನು ಎಳೆಯಬೇಕಾದದ್ದು ಹೀಗೆ ಕೆಲಸ ನೋಡಿಯೇ, ತಾಲ್ಲೂಕು ನಕ್ಷೆ ನೋಡಿಯಲ್ಲ. ಬೆಂಗಳೂರಿಗೆ 1963ರಲ್ಲಿ ಕಮಿಷನರ್ ಬಂದದ್ದು, ಹುಬ್ಬಳ್ಳಿ-ಧಾರವಾಡ ಅವಳಿ ನಗರ ಕಮಿಷನರ್ ಕೈಯಲ್ಲಿದ್ದು ಧಾರವಾಡ ಜಿಲ್ಲೆಯ ಉಳಿದ ಭಾಗ ಎಸ್ಪಿ ಕೈಯಲ್ಲಿರುವುದು ಇದೇ ತರ್ಕದಿಂದ.

ಕಂದಾಯ ಮತ್ತು ಪೊಲೀಸ್ ನಕ್ಷೆಗಳು ಒಂದಕ್ಕೊಂದು ಹೊಂದದಿದ್ದರೆ ಹೊಣೆ ಯಾರದು ಎಂಬ ಆಕ್ಷೇಪ ಹಗುರವಾದದ್ದಲ್ಲ. 1861ರ ಪೊಲೀಸ್ ಕಾಯ್ದೆ ಬ್ರಿಟಿಷ್ ಭಾರತದಲ್ಲಿ ಎಸ್ಪಿಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟರ ಹತೋಟಿಯಲ್ಲಿ ಇಟ್ಟದ್ದೇ ಈ ಗೊಂದಲ ಬೇಡವೆಂದು. ಇಂದಿಗೂ ಜಿಲ್ಲೆಯಿಡೀ ನಿಷೇಧಾಜ್ಞೆ ಹೊರಡಿಸಬೇಕಾದರೆ ಇಬ್ಬರು ಎಸ್ಪಿಗಳೂ ಜಿಲ್ಲಾ ಮ್ಯಾಜಿಸ್ಟ್ರೇಟರೂ ಆದ ಒಬ್ಬರೇ ಜಿಲ್ಲಾಧಿಕಾರಿಯ ಮುಂದೆ ಹೋಗಬೇಕು. ಆದರೆ ಒಬ್ಬ ಜಿಲ್ಲಾಧಿಕಾರಿ ಇಬ್ಬರ ವರದಿ ಓದುವುದು ಅಸಾಧ್ಯವೇನಲ್ಲ. ಒಬ್ಬ ಎಸ್ಪಿ ಎರಡು ಬಗೆಯ ಊರುಗಳನ್ನು ಸಮನಾಗಿ ಅರಿಯುವುದೇ ಕಷ್ಟ. ಗಣಿ 2001ರಲ್ಲಿ ಮುಚ್ಚಿತಲ್ಲ, ಇನ್ನೇಕೆ ಪ್ರತ್ಯೇಕ ಪೊಲೀಸ್ ಜಿಲ್ಲೆ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿ. ಕಾರಣ ಹೋದ ಮೇಲೂ ಕಚೇರಿ ಉಳಿಯುವುದು ಸರ್ಕಾರಗಳ ಹಳೆಯ ಚಾಳಿ. ಆದರೂ ಈ ಸರಹದ್ದು ಆಂಧ್ರ, ತಮಿಳುನಾಡು ಎರಡಕ್ಕೂ ತಾಗಿದೆ. ಗಡಿ ದಾಟಿ ಹೋಗುವವರನ್ನು ಹಿಡಿಯಲು ಹತ್ತಿರದಲ್ಲೊಬ್ಬ ಹಿರಿಯ ಅಧಿಕಾರಿ ಬೇಕೆಂದು ಸರ್ಕಾರ ವಾದಿಸಬಹುದು. ಅದನ್ನು ಪ್ರಕರಣಗಳ ಲೆಕ್ಕವಿಟ್ಟು ವಾದಿಸಬೇಕು, ಅಷ್ಟೆ.

ಜನಸಾಮಾನ್ಯರಿಗೆ ಈ ಗೆರೆಗಳು ಕಾಣುವುದು ‘ಇದು ನಮ್ಮ ಠಾಣೆಗೆ ಬರಲ್ಲ’ ಎಂಬ ಉತ್ತರದಲ್ಲಿ. ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು ಕೆಜಿಎಫ್ ಎಸ್ಪಿಯ ಸರಹದ್ದಿನಿಂದ ಹೊರಟು, ದಾರಿಯುದ್ದಕ್ಕೂ ರೈಲ್ವೆ ಪೊಲೀಸರ ವ್ಯಾಪ್ತಿಯಲ್ಲಿದ್ದು, ನಿಲ್ದಾಣದ ಹೊರಗೆ ಕಮಿಷನರ್ ವ್ಯಾಪ್ತಿಗೆ ಕಾಲಿಡುತ್ತಾರೆ. ದಾರಿಯಲ್ಲಿ ಮೊಬೈಲು ಕಳುವಾದರೆ ಎಲ್ಲಿ ಹೋಯಿತೆಂದು ಅವರಿಗೇ ತಿಳಿದಿರುವುದಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಕೃತ್ಯ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ದಾಖಲಿಸಬಹುದು. ಇದೇ ‘ಝೀರೋ ಎಫ್‌ಐಆರ್’. ದೂರು ಕೊಡುವಾಗಿನ ಅಲೆದಾಟ ಇದರಿಂದ ತಪ್ಪುತ್ತದೆ. ತನಿಖೆ ಮಾತ್ರ ಕಡತ ಸಂಬಂಧಪಟ್ಟ ಠಾಣೆ ಮುಟ್ಟುವವರೆಗೂ ಕಾಯಬೇಕಾಗುತ್ತದೆ.