ಕಾಡಿನ ತಾಯಿ ಮುಮಾ ಪದೂರಿ

ಈ ಹೊತ್ತು ನಾವು ಶ್ರೋತೃಗಳಿಗೆ ಪರಿಚಯ ಮಾಡಿಕೊಡಬೇಕೆಂದಿರುವುದು ಒಬ್ಬ ಮುದುಕಿಯನ್ನು. ಆಕೆಯ ವಾಸವು ಯೂರೋಪು ಖಂಡದ ಆಗ್ನೇಯ ಭಾಗದಲ್ಲಿರುವ ರುಮೇನಿಯಾ ದೇಶದ ಕಾಡುಗಳಲ್ಲಿ. ಆ ದೇಶದ ನಡುವೆ ಕಾರ್ಪೇಥಿಯನ್ ಪರ್ವತಗಳು ಬಿಲ್ಲಿನಂತೆ ಬಾಗಿ ಹಬ್ಬಿವೆ. ಅವುಗಳ ಇಳಿಜಾರುಗಳಲ್ಲಿ ಬೀಚ್, ಓಕ್, ಫರ್ ಮೊದಲಾದ ಮರಗಳ ದಟ್ಟವಾದ ಅರಣ್ಯಗಳಿವೆ. ಕರಡಿಯೂ ತೋಳವೂ ಅಲ್ಲಿ ಇಂದಿಗೂ ಉಂಟು. ಈ ಕಾಡಿಗೆ ಒಡತಿಯೆಂದು ಹಳ್ಳಿಯ ಜನರು ನಂಬಿದ್ದ ಮುದುಕಿಗೆ 'ಮುಮಾ ಪದೂರಿ' ಎಂದು ಹೆಸರು. 'ಮುಮಾ' ಎಂದರೆ ತಾಯಿ. 'ಪದೂರೆ' ಎಂದರೆ ಕಾಡು. ಹೆಸರಿಗೆ ಕಾಡಿನ ತಾಯಿಯಾದರೂ, ವನದೇವತೆಯೆಂಬ ಮಾತಿನಿಂದ ನಮ್ಮ ಮನಸ್ಸಿಗೆ ಬರುವ ಸೌಮ್ಯಮೂರ್ತಿಯನ್ನು ಇಲ್ಲಿ ಭಾವಿಸಿಕೊಳ್ಳಕೂಡದು. ಜನರು ಆಕೆಯನ್ನು ದುಷ್ಟಶಕ್ತಿಯೆಂದೇ ಎಣಿಸಿ ಅಂಜುತ್ತಿದ್ದರು. ಇಂಥವಳನ್ನು ತಾಯಿಯೆಂದು ಕರೆದುದೇಕೆ ಎಂಬುದೇ ನಾವು ಈಗ ವಿಚಾರಮಾಡತಕ್ಕ ವಿಷಯ.

ಮೊದಲು ಆಕೆಯ ರೂಪವನ್ನು ಹೇಳೋಣ. ವಿಕಾರವಾದ ಮುಖ, ಬಾಚಣಿಗೆ ಕಾಣದೆ ಇಳಿಬಿದ್ದ ಉದ್ದವಾದ ಜಡೆಗೂದಲು, ಒಣಗಿದ ಕೊರಡಿನಂಥ ಮೈ. ಬೇಕೆಂದಾಗ ಮರದಷ್ಟು ಎತ್ತರವಾಗುವಳು. ಬೇಕೆಂದಾಗ ಕುದುರೆಯೋ ಹಸುವೋ ಆಗಿ ಕಾಣಿಸಿಕೊಳ್ಳುವಳು. ಮನುಷ್ಯರು ಹೋಗಲಾರದ ಗೊಂಡಾರಣ್ಯದಲ್ಲಿ ಹಳೆಯ ಮರದ ಪೊಟರೆಯೊಳಗೋ ಒಂದು ಗುಡಿಸಲಿನಲ್ಲಿಯೋ ಆಕೆಯ ಬಿಡಾರ. ರಾತ್ರಿ ಕಾಡಿನಿಂದ ನರಳಿಕೆಯ ಧ್ವನಿ ಕೇಳಿಬಂದರೆ ಅದು ಆಕೆಯದೇ ಎಂದು ಜನ ಹೇಳುತ್ತಿದ್ದರು. ಅಳತೆಮೀರಿ ಕಾಡಿನೊಳಕ್ಕೆ ನುಗ್ಗಿದವರಿಗೆ ದಾರಿ ತಪ್ಪಿಸುವುದು, ಬುದ್ಧಿಭ್ರಮಣೆಯನ್ನುಂಟುಮಾಡುವುದು, ಮಕ್ಕಳನ್ನು ಕದ್ದೊಯ್ಯುವುದು, ಇವು ಆಕೆಯ ಕೆಲಸಗಳು. ಒಂದು ಕಥೆಯಲ್ಲಿ ಆಕೆ ಪುಟ್ಟ ಹುಡುಗಿಯೊಬ್ಬಳನ್ನು ಬೇಯಿಸಿ ತಿನ್ನಲು ಹವಣಿಸುತ್ತಾಳೆ; ಹುಡುಗಿಯ ಅಣ್ಣನು ಉಪಾಯದಿಂದ ಆ ಮುದುಕಿಯನ್ನೇ ಒಲೆಯೊಳಕ್ಕೆ ನೂಕುತ್ತಾನೆ.

ಇಷ್ಟೇ ಆಗಿದ್ದರೆ ಇದು ಮಕ್ಕಳನ್ನು ಹೆದರಿಸುವ ಗುಮ್ಮನ ಕಥೆಗಿಂತ ಹೆಚ್ಚಿನದೇನೂ ಆಗುತ್ತಿರಲಿಲ್ಲ. ಆದರೆ ಈ ಮುದುಕಿಗೆ ಹೆದರುತ್ತಿದ್ದವರು ಮಕ್ಕಳಿಗಿಂತಲೂ ಹೆಚ್ಚಾಗಿ ಅವರ ತಾಯಂದಿರು. ತೊಟ್ಟಿಲ ಕೂಸು ರಾತ್ರಿಯೆಲ್ಲಾ ಬೆಚ್ಚಿಬಿದ್ದು ಅಳುತ್ತಾ ನಿದ್ರೆಯಿಲ್ಲದೆ ಸೊರಗತೊಡಗಿದರೆ, ಅದರ ನಿದ್ರೆಯನ್ನು ಮುಮಾ ಪದೂರಿ ಕದ್ದಳೆಂದು ಭಾವಿಸುತ್ತಿದ್ದರು. ಆ ವ್ಯಾಧಿಗೂ ಆಕೆಯ ಹೆಸರೇ ಬಿದ್ದುಹೋಗಿತ್ತು. ಇದಕ್ಕೆ ಮಂತ್ರ ಹಾಕುವ ಮುದುಕಿಯರು ಹಳ್ಳಿಗಳಲ್ಲಿ ಇರುತ್ತಿದ್ದರು. ಇಂಥ ಜಾನಪದ ಮಂತ್ರಗಳನ್ನು ಸಂಗ್ರಹಿಸಿದವರಲ್ಲಿ ಸಿಮಿಯೋನ್ ಫ್ಲೋರಿಯಾ ಮರಿಯಾನ್ ಎಂಬ ಪಾದ್ರಿ ಮುಖ್ಯರಾದವರು. ಅವರ ಮಂತ್ರಸಂಗ್ರಹವು 1886ರಲ್ಲಿ ಪ್ರಕಟವಾಯಿತು. ಈ ಮುದುಕಿಯನ್ನು ಕುರಿತ ಮಂತ್ರಗಳ ಧಾಟಿ ಎರಡು ವಿಧವಾದುದು. ಒಂದು ವಿಧದಲ್ಲಿ ಕೊಡಲಿಯ ಏಟು, ಬೆಂಕಿಯ ಉರಿ ಮುಂತಾದುವುಗಳಿಂದ ಆಕೆಯನ್ನು ಗದರಿಸುತ್ತಾರೆ. ಮತ್ತೊಂದು ವಿಧದಲ್ಲಿ ಬೈಗುಳಿಲ್ಲ, ಬೆದರಿಕೆಯಿಲ್ಲ. ವಿನಿಮಯದ ಮಾತು ಮಾತ್ರ ಉಂಟು. ಈ ಮಗುವಿನ ಅಳುವನ್ನು ನೀನು ತೆಗೆದುಕೊ, ನಿನ್ನ ಮಗುವಿನ ನಿದ್ರೆಯನ್ನು ನಮಗೆ ಕೊಡು ಎಂಬುದು ಆ ಬೇಡಿಕೆಯ ಸಾರಾಂಶ. ಎಂದರೆ, ಕಾಡಿನವಳಿಗೂ ತೊಟ್ಟಿಲುಂಟು, ಆಕೆಯೂ ಹೆತ್ತವಳು ಎಂಬ ಭಾವನೆ ಮಂತ್ರದಲ್ಲಿ ಅಡಗಿದೆ.

ಹಾಗಾದರೆ ಆಕೆಯ ಮಕ್ಕಳು ಯಾರು? ಹಳ್ಳಿಗರ ನಂಬಿಕೆಯಲ್ಲಿ ಕಾಡಿನ ಮರಗಳೇ ಆಕೆಯ ಮಕ್ಕಳು. ಸಸಿಯಾಗಿದ್ದಾಗಿನಿಂದ ಆಕೆ ಒಂದೊಂದು ಮರವನ್ನೂ ಬಲ್ಲಳು. ಹೆಸರು ಹಿಡಿದು ಕರೆಯುವಳು. ಸೊಟ್ಟಗೆ ಬೆಳೆದುದನ್ನು ಗದರುವಳು. ರಾತ್ರಿಯಲ್ಲಿ ಕೇಳಿಬರುವ ನರಳಿಕೆಯು ಕೊಡಲಿಗೆ ಆಹುತಿಯಾದ ಮಕ್ಕಳಿಗಾಗಿ ಆಕೆ ಅಳುವ ಅಳು. ಗಾಯಗೊಂಡ ಮೃಗಗಳಿಗೆ ಮದ್ದು ಅರೆಯುವವಳೂ ಆಕೆಯೇ. ಆ ದೇಶದಲ್ಲಿ ಎರಡು ಸಸ್ಯಗಳಿಗೆ ಈಕೆಯ ಹೆಸರನ್ನಿಟ್ಟಿರುವುದೂ ಗಮನಿಸತಕ್ಕ ವಿಷಯ. ಒಂದು, ಬಿಳಿಯ ಹೂ ಬಿಡುವ ಸಣ್ಣ ಗಿಡ. ಒಣಗಿದ ಮೇಲೆ ಅದು ಹೊಸ ಹುಲ್ಲಿನಂತೆ ಕಂಪು ಬೀರುತ್ತದೆ. ಇನ್ನೊಂದು, ಹಸುರೇ ಇಲ್ಲದೆ ನೆಲದಿಂದ ಪೇಲವವಾಗಿ ಮೇಲೇಳುವ ಸಸ್ಯ. ಇದು ಮರಗಳ ಬೇರನ್ನು ಹಿಡಿದು ಅವುಗಳ ರಸವನ್ನು ಹೀರಿ ಬದುಕುತ್ತದೆ. ಕಂಪನ್ನು ಕೊಡುವುದಕ್ಕೂ ಸಾರವನ್ನು ಹೀರುವುದಕ್ಕೂ ಜನರು ಒಂದೇ ಹೆಸರನ್ನು ಕೊಟ್ಟರು. ತ್ಯೂಡೋರ್ ಪಂಫಿಲೆ ಎಂಬ ವಿದ್ವಾಂಸರು 1916ರಲ್ಲಿ ಪ್ರಕಟಿಸಿದ ರುಮೇನಿಯಾದ ಪುರಾಣವಿಚಾರದ ಗ್ರಂಥಕ್ಕೆ 'ಮನುಷ್ಯನ ಶತ್ರುಗಳೂ ಮಿತ್ರರೂ' ಎಂಬ ಅರ್ಥದ ಉಪಶೀರ್ಷಿಕೆಯನ್ನಿಟ್ಟಿದ್ದಾರೆ. ಮುಮಾ ಪದೂರಿಯನ್ನು ಇವೆರಡರಲ್ಲಿ ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂದು ನಿರ್ಧರಿಸುವುದು ಸುಲಭವಲ್ಲ.

ಈ ಎರಡು ಮುಖಗಳಿಗೆ ಕಾರಣವು ಆ ಜನರ ಬಾಳಿನಲ್ಲಿಯೇ ಇದೆ. ಕಾಡು ತಮಗೆ ಒಡಹುಟ್ಟಿದ ಅಣ್ಣನೆಂಬ ಅರ್ಥದ ಗಾದೆ ರುಮೇನಿಯನ್ನರಲ್ಲಿ ಬಹು ಪ್ರಸಿದ್ಧವಾದುದು. ದಂಡುಗಳು ಏರಿಬಂದಾಗ ಅವರು ಅಡಗಿದ್ದು ಕಾಡಿನಲ್ಲಿ. ಮನೆಗೆ ತೊಲೆ, ಒಲೆಗೆ ಸೌದೆ, ದನಕ್ಕೆ ಮೇವು ದೊರಕಿದ್ದು ಕಾಡಿನಿಂದ. ಹೀಗೆ ಯಾರಿಂದ ಬದುಕು ನಡೆಯುತ್ತಿತ್ತೋ ಅವರ ಮೇಲೆಯೇ ದಿನವೂ ಕೊಡಲಿಯೆತ್ತಬೇಕಾಗಿತ್ತು. ಕಡಿದ ಮರಕ್ಕೆ ಲೆಕ್ಕ ಕೇಳುವವರು ಯಾರೋ ಒಬ್ಬರು ಇರಲೇಬೇಕೆಂದು ಅವರ ಮನಸ್ಸಿಗೆ ತೋರಿತು. ನಾವು ಆಕೆಯ ಮಕ್ಕಳನ್ನು ಮುಟ್ಟಿದರೆ ಆಕೆ ನಮ್ಮ ಮಕ್ಕಳನ್ನು ಮುಟ್ಟುವಳು: ಮುಮಾ ಪದೂರಿಯ ದುಷ್ಟತನದ ಮೂಲವು ಈ ಅಂಜಿಕೆಯೆಂದು ನಮಗೆ ತೋರುತ್ತದೆ.

ಆದರೆ ಈ ಅಂಜಿಕೆಯೊಂದರಿಂದಲೇ ಕಾಡು ಉಳಿಯಲಿಲ್ಲ. 1829ರ ಏಡ್ರಿಯಾನೋಪಲ್ ಒಪ್ಪಂದದಿಂದ ಆ ಸೀಮೆಯ ಧಾನ್ಯವ್ಯಾಪಾರಕ್ಕಿದ್ದ ಕಟ್ಟುಗಳು ಸಡಿಲವಾದುವು. ಗೋಧಿಗೆ ಬೆಲೆ ಬಂದೊಡನೆ ಬಯಲುಸೀಮೆಯ ಕಾಡುಗಳು ಹೊಲಗಳಾದುವು. ರಾಜಧಾನಿಯಾದ ಬುಖಾರೆಸ್ಟ್ ನಗರವನ್ನು ಬಳಸಿಕೊಂಡಿದ್ದ ವ್ಲಾಸಿಯಾ ಮಹಾರಣ್ಯದಲ್ಲಿ ಇಂದು ಉಳಿದಿರುವುವು ಚೂರುಚೂರು ತೋಪುಗಳು ಮಾತ್ರ. ಬೆಟ್ಟಗಳಲ್ಲಿ ಮಾತ್ರ ಕೊಡಲಿ ತಾಕದ ಬೀಚ್ ಮರದ ಕಾಡುಗಳು ಅಲ್ಲಲ್ಲಿ ನಿಂತುವು. ಅವುಗಳಲ್ಲಿ ಕೆಲವನ್ನು 2017ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದೆ ಮುದುಕಿಯ ಹೆಸರು ಮಾಡುತ್ತಿದ್ದ ಕಾವಲನ್ನು ಈಗ ಕಾನೂನು ಮಾಡಬೇಕಾಗಿದೆ.

ಕೂಸಿನ ನಿದ್ರೆಯನ್ನು ಕಾಡಿನ ಮುದುಕಿ ಕದಿಯುವಳೆಂದು ನಾವು ನಂಬಬೇಕಾದುದಿಲ್ಲ. ಆದರೆ ಆ ಹಳ್ಳಿಯ ಹೆಂಗಸು ಕತ್ತಲೆಯಲ್ಲಿ ಅಳುವ ಮಗುವನ್ನೆತ್ತಿಕೊಂಡು ಕಾಡಿನ ಕಡೆಗೆ ತಿರುಗಿ, ತನ್ನ ಶತ್ರುವನ್ನೂ ತಾಯಿಯೆಂದು ಕರೆದಳಷ್ಟೆ. ಆಕೆಯ ಮಕ್ಕಳ ಯೋಗಕ್ಷೇಮಕ್ಕೂ ತನ್ನ ಮಗುವಿನ ನಿದ್ರೆಗೂ ಸಂಬಂಧವುಂಟೆಂದು ತಿಳಿದಳಷ್ಟೆ. ಆ ತಿಳಿವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ನಮ್ಮಿಂದಾಗದು.