ಮಗನ ಪರವಾಗಿ ಉತ್ತರಿಸಬೇಡಿ

ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಹೊಳಲ್ಕೆರೆ ಕಡೆಯ ತಂದೆಯೊಬ್ಬರು ಗುರುಮನೆಯ ಜಗಲಿಯಲ್ಲಿ ಬಹಳ ಹೊತ್ತು ಕುಳಿತಿದ್ದರು. ಮಗ ಬಿ.ಎಸ್ಸಿ. ಅಂತಿಮ ವರ್ಷ. ಮುಂದೇನು ಎಂದರೆ "ನೋಡೋಣ" ಎನ್ನುತ್ತಾನೆ. ನೆಂಟರ ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದನ್ನು ಕಂಡು, ಅಡಿಕೆ ತೋಟ ಅಡವಿಟ್ಟಾದರೂ ಮಗನನ್ನು ಎಂ.ಬಿ.ಎ.ಗೆ ಸೇರಿಸಲು ಇವರು ನಿಶ್ಚಯಿಸಿದ್ದರು. "ಫಾದರ್, ತಾವೊಂದು ಮಾತು ಹೇಳಿದರೆ ಒಪ್ಪುತ್ತಾನೆ" ಎಂಬುದು ಅವರ ಕೋರಿಕೆ.

ನಾನು ಹೇಳಲಿಲ್ಲ. ಅವರಿಗೆ ಬೇಸರವಾಯಿತು.

ಬಾಲಕ ಸಮುವೇಲನಿಗೆ ರಾತ್ರಿ ಯಾರೋ ಕರೆದಂತಾಗಿ, ಮೂರು ಬಾರಿಯೂ ವೃದ್ಧ ಯಾಜಕ ಏಲಿಯ ಬಳಿಗೆ ಓಡಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಮೊದಲೆರಡು ಸಲ ಏಲಿಗೂ ಏನೂ ಹೊಳೆಯಲಿಲ್ಲ. ಹೆತ್ತವರಿಗೆ ಇದೊಂದು ಸಮಾಧಾನ. ಹೊಳೆದ ಮೇಲೆಯೂ ಆತ ಹುಡುಗನ ಪರವಾಗಿ ತಾನು ಉತ್ತರಿಸಲಿಲ್ಲ. ಹೋಗಿ ಮಲಗು, ಮತ್ತೆ ಕರೆದರೆ ಕಿವಿಗೊಡು ಎಂದು ಕಳುಹಿಸಿದ. ಇದೇ ಏಲಿ ತನ್ನ ಸ್ವಂತ ಮಕ್ಕಳನ್ನು ಅಂಕೆಯಲ್ಲಿಡದೆ ಕೆಟ್ಟನೆಂಬುದನ್ನೂ ಮರೆಯಬಾರದು. ಕಾಯುವುದು ಬೇರೆ, ಕೈಬಿಡುವುದು ಬೇರೆ.

ಹಿರಿಯೂರು, ಹೊಸದುರ್ಗದ ನಮ್ಮ ರೈತರು ಬೋರ್ ಕೊರೆಸುವ ಮುನ್ನ ನಾಲ್ಕು ಕಡೆ ಪಾಯಿಂಟ್ ನೋಡಿಸುತ್ತಾರೆ. ಮಗನ ವಿಷಯದಲ್ಲಿ ಮಾತ್ರ, ನೆಂಟರ ಹೊಲದಲ್ಲಿ ನೀರು ಬಿತ್ತೆಂದು ನಮ್ಮ ಹೊಲದಲ್ಲಿಯೂ ರಿಗ್ ತಂದು ನಿಲ್ಲಿಸುತ್ತೇವೆ! ನೀರು ಬಾರದಿದ್ದರೂ ಸಾಲ ಉಳಿಯುತ್ತದೆ.

ಹಾಗೆಂದು ಇಪ್ಪತ್ತರ ಹುಡುಗ ಮೊಬೈಲ್ ಹಿಡಿದು ಮಲಗಿದ್ದರೆ ದಾರಿ ತಾನಾಗಿ ತೆರೆಯದು. ವೀಣೆ ನುಡಿಸುತ್ತಲೇ ವೈಣಿಕನಾಗಬೇಕು ಎಂಬರ್ಥದ ಮಾತನ್ನು ಸೆಮಿನರಿಯಲ್ಲಿ ಅರಿಸ್ಟಾಟಲನಲ್ಲಿ ಓದಿದ್ದೆ. ಅದರ ತೂಕ ತಿಳಿದದ್ದು ಧರ್ಮಕೇಂದ್ರಗಳಿಗೆ ಬಂದ ಮೇಲೆ. ದುರ್ಗದ ಇತಿಹಾಸವನ್ನು ಮನೆಮನೆಗೆ ತಲುಪಿಸಿದ ತ.ರಾ.ಸು. ಸ್ವಾತಂತ್ರ್ಯ ಚಳವಳಿಗೆಂದು ಕಾಲೇಜು ಬಿಟ್ಟವರು. ಪತ್ರಿಕೆಗಳಲ್ಲಿ ದುಡಿದರು, ಬರೆಯುತ್ತ ಬರೆಯುತ್ತ ಕಾದಂಬರಿಕಾರರಾದರು. 1985ರಲ್ಲಿ 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರೇ ಇರಲಿಲ್ಲ. ಕಾಲೇಜು ಬಿಟ್ಟವರೆಲ್ಲ ತ.ರಾ.ಸು. ಆಗುವುದಿಲ್ಲ, ನಿಜ. ಆದರೆ ಅವರು ಸುಮ್ಮನೆ ಕೂತವರೂ ಅಲ್ಲ.

ಪೋಪ್ ಫ್ರಾನ್ಸಿಸರು 2019ರಲ್ಲಿ ಯುವಜನರನ್ನು ಕುರಿತು ಹೊರಡಿಸಿದ 'ಕ್ರಿಸ್ತುಸ್ ವಿವಿತ್' ಪತ್ರದ ಕೊನೆಯ ಅಧ್ಯಾಯ ವಿವೇಚನೆಯನ್ನು ಕುರಿತದ್ದು. ಯುವಕನಿಗೆ ನೆರವಾಗುವವರು ಮೊದಲು ಆಲಿಸಬೇಕು, ಕಡೆಗೆ ಪಕ್ಕಕ್ಕೆ ಸರಿಯಬೇಕು ಎನ್ನುತ್ತದೆ ಅದು. ಪಕ್ಕಕ್ಕೆ ಸರಿಯುವುದು ತಂದೆಗೆ ಎಷ್ಟು ಕಷ್ಟವೆಂದು ಆ ಜಗಲಿಯಲ್ಲಿ ಕಂಡೆ.

ಹುಡುಗನನ್ನು ಕರೆಸಿ ಮಾತನಾಡಿಸಿದೆ. ಅರ್ಧ ಗಂಟೆ ಮೌನ. ಊರವರ ಪಂಪ್‌ಸೆಟ್ ಮೋಟಾರು ಬಿಚ್ಚಿ ಜೋಡಿಸುವುದು ತನಗೆ ಇಷ್ಟವೆಂದು ಆಮೇಲೆ ಬಾಯಿಬಿಟ್ಟ. ತಂದೆಗೆ ಇದು ಹೊಸ ಸುದ್ದಿ. ಪರೀಕ್ಷೆ ಮುಗಿದ ಮೇಲೆ ಒಂದು ವರ್ಷ ತೋಟ ಅಡವಿಡುವ ಮಾತಿಲ್ಲ, ಆದರೆ ಒಂದು ದಿನವೂ ಬರಿಗೈಲಿ ಕೂರುವಂತಿಲ್ಲ ಎಂದು ಒಪ್ಪಂದವಾಯಿತು.

ಈಗ ಹೊಸದುರ್ಗದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗುತ್ತಿದ್ದಾನೆ. ಮೊನ್ನೆ ಸಿಕ್ಕ ತಂದೆ, "ಸಂಬಳ ಎಷ್ಟಪ್ಪ ಎಂದು ಕೇಳಿದೆ, ಫಾದರ್. 'ಮೊದಲು ಕಲಿಯುತ್ತೇನೆ' ಎಂದ" ಎಂದರು. ಮುಖದಲ್ಲಿ ನಗು ಇರಲಿಲ್ಲ. ಆದರೆ ತೋಟದ ಪತ್ರ ಇನ್ನೂ ಮನೆಯ ಪೆಟ್ಟಿಗೆಯಲ್ಲಿಯೇ ಇದೆಯಂತೆ.