ಬೀಗಲ್ ನೌಕೆಯ ಯಾನ

1831ನೆಯ ಡಿಸೆಂಬರ್ 27ರಂದು ಇಂಗ್ಲೆಂಡಿನ ಪ್ಲಿಮತ್ ಬಂದರಿನಿಂದ ‘ಬೀಗಲ್’ ಎಂಬ ಹಾಯಿಹಡಗು ಹೊರಟಿತು. ಅದರ ಉದ್ದ ಸುಮಾರು 90 ಅಡಿ. ಅದರಲ್ಲಿದ್ದವರು 70ಕ್ಕೂ ಹೆಚ್ಚು ಮಂದಿ. ದಕ್ಷಿಣ ಅಮೆರಿಕದ ಕರಾವಳಿಯನ್ನು ಅಳೆದು ನಕ್ಷೆಗಳನ್ನು ಸಿದ್ಧಪಡಿಸುವುದು ಯಾನದ ಮುಖ್ಯ ಉದ್ದೇಶವಾಗಿತ್ತು. ನೌಕೆಯ ನಾಯಕನಾದ ರಾಬರ್ಟ್ ಫಿಟ್ಜ್‌ರಾಯ್ ತನ್ನೊಡನೆ ಒಬ್ಬ ನಿಸರ್ಗವಿಜ್ಞಾನಿಯೂ ಇರಬೇಕೆಂದು ಬಯಸಿದನು. ಹಾಗೆ ಜೊತೆಗೂಡಿದವನೇ 22 ವರ್ಷದ ತರುಣ ಚಾರ್ಲ್ಸ್ ಡಾರ್ವಿನ್.

ಡಾರ್ವಿನ್ನನು ವೈದ್ಯಶಿಕ್ಷಣವನ್ನು ನಡುವೆಯೇ ತ್ಯಜಿಸಿದ್ದನು. ಮಗನು ಪಾದ್ರಿಯಾಗಬೇಕೆಂದಿದ್ದ ತಂದೆಗೆ ಈ ಯಾನವು ವ್ಯರ್ಥವೆನಿಸಿತು. ಸೋದರಮಾವನು ತಂದೆಯ ಆಕ್ಷೇಪಣೆಗಳಿಗೆ ಒಂದೊಂದಾಗಿ ಉತ್ತರ ಬರೆದು ಕಳುಹಿಸಿದ ಮೇಲೆಯೇ ಅನುಮತಿ ದೊರೆಯಿತು.

ಹಡಗಿನಲ್ಲಿ ಡಾರ್ವಿನ್ನನನ್ನು ಕಡಲಬೇನೆಯು ಬಹುವಾಗಿ ಪೀಡಿಸಿತು. ಆದರೆ ನೆಲವನ್ನು ಮುಟ್ಟಿದೊಡನೆ ಅವನ ಉತ್ಸಾಹ ಇಮ್ಮಡಿಯಾಗುತ್ತಿತ್ತು. ಅರ್ಜೆಂಟೀನದ ತೀರದಲ್ಲಿ ಅವನು ಗತಿಸಿಹೋದ ಬೃಹತ್ ಪ್ರಾಣಿಗಳ ಎಲುಬುಗಳನ್ನು ಅಗೆದು ತೆಗೆದನು. 1835ರ ಫೆಬ್ರವರಿ 20ರಂದು ಚಿಲಿಯಲ್ಲಿ ಭೀಕರ ಭೂಕಂಪವಾಯಿತು. ಆ ಬಳಿಕ ಕರಾವಳಿಯ ನೆಲವು ಕೆಲವು ಅಡಿ ಮೇಲೆದ್ದಿರುವುದನ್ನು ಅವನು ಕಂಡನು. ಪರ್ವತಗಳ ಮೇಲೆ ಕಡಲಚಿಪ್ಪುಗಳು ದೊರೆಯುವುದೇಕೆಂಬ ಪ್ರಶ್ನೆಗೆ ಇದರಿಂದ ಉತ್ತರ ಹೊಳೆಯಿತು: ನೆಲವು ಯುಗಯುಗಗಳಿಂದ ಹೀಗೆ ಸ್ವಲ್ಪಸ್ವಲ್ಪವಾಗಿ ಏರುತ್ತ ಬಂದಿದೆ.

ಅದೇ ವರ್ಷದ ಸೆಪ್ಟೆಂಬರ್ ತಿಂಗಳಿನಲ್ಲಿ ನೌಕೆಯು ಪೆಸಿಫಿಕ್ ಸಾಗರದ ಗಲಪಗಾಸ್ ದ್ವೀಪಗಳನ್ನು ತಲುಪಿತು. ಅಲ್ಲಿ ದೈತ್ಯಾಕಾರದ ಆಮೆಗಳಿದ್ದವು. ಆಮೆಯನ್ನು ನೋಡಿಯೇ ಅದು ಯಾವ ದ್ವೀಪದ್ದೆಂದು ಹೇಳಬಲ್ಲೆನೆಂದು ಅಲ್ಲಿನ ಉಪರಾಜ್ಯಪಾಲನು ತಿಳಿಸಿದನು. ಡಾರ್ವಿನ್ನನು ಈ ಮಾತಿಗೆ ಕೂಡಲೇ ಗಮನ ಕೊಡಲಿಲ್ಲ. ಒಂದಕ್ಕೊಂದು ಕಾಣುವಷ್ಟು ಸಮೀಪವಿರುವ ದ್ವೀಪಗಳಲ್ಲಿ ಬೇರೆ ಬೇರೆ ಜೀವಿಗಳು ಇರಬಹುದೆಂದು ಅವನು ಊಹಿಸಿರಲೇ ಇಲ್ಲ. ಆದುದರಿಂದ ತಾನು ಸಂಗ್ರಹಿಸಿದ ಫಿಂಚ್ ಎಂಬ ಸಣ್ಣ ಹಕ್ಕಿಗಳಲ್ಲಿ ಯಾವುದು ಯಾವ ದ್ವೀಪದ್ದೆಂದು ಸರಿಯಾಗಿ ಗುರುತಿಸಿಡದೆ, ಅವುಗಳನ್ನು ಒಟ್ಟಿಗೆ ಬೆರೆಸಿಬಿಟ್ಟನು.

1836ರ ಅಕ್ಟೋಬರ್ 2ರಂದು ಬೀಗಲ್ ಸ್ವದೇಶಕ್ಕೆ ಮರಳಿತು. ಮರುವರ್ಷ ಪಕ್ಷಿತಜ್ಞನಾದ ಜಾನ್ ಗೌಲ್ಡ್ ಆ ಹಕ್ಕಿಗಳನ್ನು ಪರೀಕ್ಷಿಸಿದನು. ಕೆಲವಕ್ಕೆ ಬೀಜವನ್ನೊಡೆಯುವ ದಪ್ಪ ಕೊಕ್ಕು, ಕೆಲವಕ್ಕೆ ಕೀಟಗಳನ್ನು ಹಿಡಿಯುವ ತೆಳುವಾದ ಕೊಕ್ಕು. ಆದರೂ ಅವೆಲ್ಲವೂ ಹತ್ತಿರದ ಬಂಧುಗಳೆಂದು ಅವನು ನಿರ್ಣಯಿಸಿದನು. ಡಾರ್ವಿನ್ನನಿಗೆ ತನ್ನ ತಪ್ಪಿನ ಅರಿವಾಯಿತು. ಅವನು ಅದನ್ನು ಮರೆಮಾಚಲಿಲ್ಲ. ಫಿಟ್ಜ್‌ರಾಯ್ ಮತ್ತು ಇತರ ಸಹಯಾತ್ರಿಗಳು ದ್ವೀಪದ ಹೆಸರು ಬರೆದು ಇಟ್ಟಿದ್ದ ಹಕ್ಕಿಗಳ ನೆರವಿನಿಂದ ಸಾಧ್ಯವಾದಷ್ಟನ್ನು ಸರಿಪಡಿಸಿದನು. ತನ್ನ ಯಾತ್ರಾಗ್ರಂಥದಲ್ಲಿ ಈ ಲೋಪವನ್ನು ಒಪ್ಪಿಕೊಂಡನು.

ಒಂದೇ ಮೂಲದ ಜೀವಿಗಳು ಕಾಲಕ್ರಮದಲ್ಲಿ ಬೇರೆ ಬೇರೆ ಪ್ರಭೇದಗಳಾಗಿ ಮಾರ್ಪಡಬಲ್ಲವೆಂಬ ವಿಚಾರವು ಅವನ ಮನಸ್ಸಿನಲ್ಲಿ ಬಲಗೊಂಡಿತು. ಆದರೆ ಅವನು ಆತುರಪಡಲಿಲ್ಲ. ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಆಧಾರಗಳನ್ನು ಕಲೆಹಾಕಿ, 1859ರಲ್ಲಿ ಪ್ರಭೇದಗಳ ಉಗಮವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಕಂಡದ್ದನ್ನು ಕಂಡಂತೆ ಬರೆದಿಡುವುದು, ತಪ್ಪಿದಾಗ ತಿದ್ದಿಕೊಳ್ಳುವುದು—ವಿಜ್ಞಾನವು ಮುನ್ನಡೆಯುವ ದಾರಿ ಇದೇ ಎಂಬುದಕ್ಕೆ ಬೀಗಲ್ ನೌಕೆಯ ಯಾನವು ಉಜ್ವಲ ನಿದರ್ಶನವಾಗಿದೆ.